ಎಫ್‌ಎಸ್‌ಎಚ್‌ಡಿ ರೋಗಿಗಳ ಸ್ನಾಯುವಿನಲ್ಲಿ ಏರುಪೇರಾದ ನೂರಾರು ಜೀನ್‌ಗಳೆಲ್ಲ ರೋಗಕ್ಕೆ ಕಾರಣವೇ?

ಅಲ್ಲ. ರೋಗಿಗಳ ಸ್ನಾಯುವಿನಲ್ಲಿ ಯಾವ ಜೀನ್ ಏರಿದೆ, ಯಾವುದು ಇಳಿದಿದೆ ಎಂದು ಸಂಶೋಧನಾ ವರದಿಗಳು ಕೊಡುವ ಉದ್ದನೆಯ ಪಟ್ಟಿಯಲ್ಲಿ ಬಹುಪಾಲು ರೋಗದ ಪರಿಣಾಮವೇ. ಮುಖ, ಹೆಗಲು, ತೋಳಿನ ಸ್ನಾಯುಗಳನ್ನು ಸವೆಸುವ ಎಫ್‌ಎಸ್‌ಎಚ್‌ಡಿ (ಫೇಸಿಯೊಸ್ಕ್ಯಾಪುಲೊಹ್ಯೂಮರಲ್ ಮಸ್ಕ್ಯುಲರ್ ಡಿಸ್ಟ್ರೋಫಿ) ಎಂಬ ಈ ಆನುವಂಶಿಕ ಕಾಯಿಲೆಯಲ್ಲಿ ಮೂಲ ತಂಟೆಕೋರ ಡಕ್ಸ್4 ಎಂಬ ಒಂದೇ ಜೀನ್. ವಿಚಿತ್ರವೆಂದರೆ ಎಷ್ಟೋ ಪಟ್ಟಿಗಳಲ್ಲಿ ಅದರ ಹೆಸರೇ ಇರುವುದಿಲ್ಲ.

4ನೇ ಕ್ರೋಮೋಸೋಮಿನ ತುದಿಯಲ್ಲಿ ಸುಮಾರು 3,300 ಡಿಎನ್‌ಎ ಅಕ್ಷರಗಳ ಡಿ4ಝಡ್4 ಎಂಬ ತುಣುಕು ಸಾಲಾಗಿ ಮರುಕಳಿಸುತ್ತದೆ. ಪ್ರತಿ ತುಣುಕಿನಲ್ಲೂ ಡಕ್ಸ್4 ಇದೆ. ಭ್ರೂಣದ ಮೊದಲ ದಿನಗಳಲ್ಲಿ ಕೆಲಸ ಮುಗಿಸಿ, ಆಮೇಲೆ ಸ್ನಾಯುವಿನಲ್ಲಿ ತೆಪ್ಪಗಿರಬೇಕಾದ ಜೀನ್ ಇದು. ತುಣುಕುಗಳು 11 ಅಥವಾ ಹೆಚ್ಚಿದ್ದರೆ ಸಾಮಾನ್ಯವಾಗಿ ಆ ಜಾಗ ಮೀಥೈಲ್ ಗುರುತು (ಜೀನನ್ನು ಸುಮ್ಮನಿರಿಸುವ ರಾಸಾಯನಿಕ ಗುರುತು) ಹೊತ್ತು ಬಿಗಿಯಾಗಿ ಮಡಚಿಕೊಂಡಿರುತ್ತದೆ. 10 ಅಥವಾ ಕಡಿಮೆಯಾದರೆ ಸಡಿಲಾಗುತ್ತದೆ. ಅಷ್ಟೇ ಸಾಲದು. ಪಕ್ಕದ ಡಿಎನ್‌ಎಯಲ್ಲಿ 4ಕ್ಯೂಎ, 4ಕ್ಯೂಬಿ ಎಂಬ ಎರಡು ಮಾದರಿಗಳಿವೆ; 4ಕ್ಯೂಎ ಇದ್ದರೆ ಮಾತ್ರ ಡಕ್ಸ್4 ಆರ್‌ಎನ್‌ಎಗೆ (ಜೀನ್ ಎಚ್ಚರವಿದ್ದಾಗ ತಯಾರಾಗುವ ನಕಲಿಗೆ) ಕೆಡದಂತೆ ಕಾಯುವ ಪಾಲಿ-ಎ ಬಾಲ ಸಿಕ್ಕಿ ಅದು ಉಳಿಯುತ್ತದೆ. ಹಾಗಾಗಿ ತುಣುಕುಗಳ ಎಣಿಕೆಯನ್ನಷ್ಟೇ ಕೊಟ್ಟು 4ಕ್ಯೂಎಯೋ 4ಕ್ಯೂಬಿಯೋ ಹೇಳದ ಜೀನ್ ವರದಿ ಅರ್ಧ ವರದಿ. ಎರಡನೇ ಬಗೆಯ ಎಫ್‌ಎಸ್‌ಎಚ್‌ಡಿಯಲ್ಲಿ ಈ ಬಿಗಿ ಮಡಿಕೆಯನ್ನು ಸಡಿಲಿಸುವುದು ಹೆಚ್ಚಾಗಿ ಎಸ್‌ಎಂಸಿಎಚ್‌ಡಿ1 ಜೀನಿನ ದೋಷ.

ಇನ್ನು ಡಕ್ಸ್4 ಪಟ್ಟಿಯಲ್ಲಿ ಏಕೆ ಕಾಣದು? ಅದು ಅಲ್ಲೊಂದು ಇಲ್ಲೊಂದು ನ್ಯೂಕ್ಲಿಯಸ್ಸಿನಲ್ಲಿ, ಅದೂ ಆಗಾಗ ಮಾತ್ರ ಎಚ್ಚರಗೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ರೋಗಿಯ ಸ್ನಾಯುಕೋಶಗಳಲ್ಲೂ ಸಾವಿರಕ್ಕೊಂದರ ಆಸುಪಾಸು. ಸ್ನಾಯುವಿನ ಇಡೀ ತುಂಡನ್ನು ಅರೆದು ಆರ್‌ಎನ್‌ಎ ಅಳೆದರೆ ಆ ಸಣ್ಣ ದನಿ ಸರಾಸರಿಯಲ್ಲಿ ಮುಳುಗಿಹೋಗುತ್ತದೆ. ಅದಕ್ಕೇ ಅದು ಎಬ್ಬಿಸುವ ಜೀನ್‌ಗಳನ್ನು ಹುಡುಕಬೇಕು: ಝಡ್‌ಸ್ಕ್ಯಾನ್4, ಲ್ಯೂಟೆಕ್ಸ್, ಟ್ರಿಮ್43, ಎಂಬಿಡಿ3ಎಲ್2. ಆರೋಗ್ಯವಂತ ಸ್ನಾಯುವಿನಲ್ಲಿ ಇವು ಹೆಚ್ಚುಕಡಿಮೆ ಶೂನ್ಯ. ಆದ್ದರಿಂದ ನಾಲ್ಕೂ ಒಟ್ಟಿಗೆ ತುಸು ಕಂಡರೂ ಡಕ್ಸ್4 ಬಂದುಹೋದ ಹೆಜ್ಜೆಗುರುತು ಅನ್ನಬಹುದು.

ಪಟ್ಟಿಯ ಮೇಲ್ಭಾಗದಲ್ಲಿ ಕಾಲಜನ್ (ನಾರಿನ ಪ್ರೋಟೀನು), ಕಾಂಪ್ಲಿಮೆಂಟ್, ಇಮ್ಯುನೊಗ್ಲಾಬ್ಯುಲಿನ್ (ಎರಡೂ ರೋಗನಿರೋಧಕ ಪ್ರೋಟೀನುಗಳು) ಜೀನ್‌ಗಳು ಮೆರೆಯುತ್ತಿದ್ದರೆ ಮರುಳಾಗಬೇಡಿ. ಸ್ನಾಯುವಿನ ಎಳೆ ಸತ್ತ ಜಾಗಕ್ಕೆ ನಾರು, ಕೊಬ್ಬು, ರೋಗನಿರೋಧಕ ಕೋಶಗಳು ನುಗ್ಗಿರುತ್ತವೆ. ಅವು ತಮ್ಮ ಆರ್‌ಎನ್‌ಎಯನ್ನೂ ತರುತ್ತವೆ. 'ಇಳಿದಿವೆ' ಎನ್ನುವ ಸ್ನಾಯು ಜೀನ್‌ಗಳೂ ಎಷ್ಟೋ ಸಲ ಇಳಿದಿರುವುದಿಲ್ಲ, ಎಳೆಗಳೇ ಕಡಿಮೆಯಾಗಿರುತ್ತವೆ.

ಆದ್ದರಿಂದ ಬಯಾಪ್ಸಿ, ಅಂದರೆ ಪರೀಕ್ಷೆಯ ಸ್ನಾಯು ತುಣುಕು, ಎಲ್ಲಿಂದ ತೆಗೆದರು ಎಂಬುದನ್ನು ಮೊದಲು ನೋಡಿ. ಎಂಆರ್‌ಐನ ಸ್ಟಿರ್ ಚಿತ್ರದಲ್ಲಿ (ಕೊಬ್ಬನ್ನು ಮಬ್ಬಾಗಿಸಿ ನೀರಿನಂಶವನ್ನು ಎತ್ತಿ ತೋರಿಸುವ ಬಗೆ) ಬೆಳ್ಳಗೆ ಹೊಳೆಯುವ, ಅಂದರೆ ಉರಿಯೂತ ನಡೆಯುತ್ತಿರುವ ಸ್ನಾಯುವಿನಲ್ಲಿ ಡಕ್ಸ್4 ಗುರುತು ಸಿಗುವ ಸಂಭವ ಹೆಚ್ಚು. ಚಿತ್ರದಲ್ಲಿ ಸಹಜವಾಗಿ ಕಾಣುವ ಸ್ನಾಯುವಿನಲ್ಲಿ ಹಲವು ಬಾರಿ ಏನೂ ಸಿಗದು, ಪೂರ್ತಿ ಕೊಬ್ಬಾದದ್ದರಲ್ಲಿ ಸಿಗುವುದು ಕೊಬ್ಬಿನ ಕಥೆ. ಹೋಲಿಕೆಗೆ ಬಳಸಿದ ಆರೋಗ್ಯವಂತರ ಮಾದರಿ ಅದೇ ಸ್ನಾಯುವಿನದೇ ಎಂಬುದನ್ನೂ ಪರೀಕ್ಷಿಸಿ. ತೊಡೆಯನ್ನು ತೋಳಿಗೆ ಹೋಲಿಸಿದರೆ ರೋಗವಿಲ್ಲದೆಯೂ ಉದ್ದದ ಪಟ್ಟಿಯೊಂದು ಸಿಕ್ಕೇಸಿಗುತ್ತದೆ.