ಆ ಬಾಟಲಿಗೆ ದುಡ್ಡು ಕೊಟ್ಟವರು ಯಾರು?

ಆತ್ಮೀಯ ಓದುಗರೇ,

ಹೋದ ಸಂಚಿಕೆಯಲ್ಲಿ ನಾನು 'ಫೋನು ಇದ್ದವರೆಲ್ಲ ಈಗ ವೈನ್ ವಿಮರ್ಶಕರು' ಅಂತ ಬರೆದಿದ್ದೆ. 'ವೆಬ್‌ಸೈಟುಗಳಲ್ಲಿ ಬರೆಯುವವರನ್ನು ಕಂಡರೆ ಪತ್ರಿಕೆಯವರಿಗೆ ಯಾಕಿಷ್ಟು ತಾತ್ಸಾರ? ಅವರನ್ನು ಓದಿಯೇ ನಾನು ವೈನ್ ಕಲಿತದ್ದು' ಅಂತ ನೀವು ಕೇಳಿದ್ದೀರಿ. ತಾತ್ಸಾರ ಇದ್ದದ್ದು ನಿಜ. ಆ ಮಾತು ತಪ್ಪು, ವಾಪಸು ತೆಗೆದುಕೊಳ್ಳುತ್ತೇನೆ.

ಎರಡು ವರ್ಷದ ಹಿಂದೆ ಒಂದು ಕೆಂಪು ವೈನಿಗೆ ನಾವು ನೂರಕ್ಕೆ 82 ಅಂಕ ಕೊಟ್ಟೆವು. ವೈನಿನ ಲೆಕ್ಕದಲ್ಲಿ ಅದು ಕಡಿಮೆಯೇ. ನಮ್ಮಲ್ಲಿ ರುಚಿ ನೋಡುವಾಗ ಹೆಸರು ಕಾಣದ ಹಾಗೆ ಬಾಟಲಿಗಳಿಗೆ ಕಾಗದದ ಚೀಲ ಸುತ್ತಿರುತ್ತೇವೆ. ಒಂದು ಬೆಳಿಗ್ಗೆಗೆ 30 ಗ್ಲಾಸು. ಒಂದು ಗುಟುಕು ಬಾಯಲ್ಲಿ ಆಡಿಸಿ, ಉಗುಳಿ, ಎರಡು ಸಾಲು ಗೀಚಿ ಮುಂದಕ್ಕೆ ಹೋಗಬೇಕು. ಒಂದೊಂದಕ್ಕೆ ಸಿಗುವುದು ಎರಡು ಮೂರು ನಿಮಿಷ. ಆ ವೈನಿನ ಬಗ್ಗೆ 'ಸಪ್ಪೆ, ಹಣ್ಣಿನ ಘಮವಿಲ್ಲ' ಅಂತ ಬರೆದುಕೊಂಡೆ.

ಆಮೇಲೆ ತಮ್ಮದೇ ವೆಬ್‌ಸೈಟಿನಲ್ಲಿ ಬರೆಯುವ ಒಬ್ಬರು ಅದೇ ವೈನಿನ ಮೂರು ಬಾಟಲಿಗಳನ್ನು ಕೈಯಿಂದ ದುಡ್ಡು ಹಾಕಿ ಕೊಂಡರು. ಒಂದನ್ನು ಮೂರು ಸಂಜೆ ಸ್ವಲ್ಪ ಸ್ವಲ್ಪವಾಗಿ ಕುಡಿದು, ದಿನದಿನಕ್ಕೆ ಅದು ಹೇಗೆ ಬದಲಾಯಿತು ಅಂತ ಬರೆದರು. 'ಪತ್ರಿಕೆಗೆ ಸಿಕ್ಕ ಬಾಟಲಿಯ ಕಾರ್ಕೇ ಕೆಟ್ಟಿರಬೇಕು' ಅಂತಲೂ ಹೇಳಿದರು. ನಾವು ಇನ್ನೊಂದು ಬಾಟಲಿ ತೆರೆದೆವು. ಅವರು ಹೇಳಿದ್ದೇ ಸರಿ. ಕಾರ್ಕಿನ ದೋಷ ಜೋರಾಗಿದ್ದರೆ ಒದ್ದೆ ರಟ್ಟಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಅದಕ್ಕೆ ಕಾರಣವಾದ ಟಿಸಿಎ ಅನ್ನುವ ರಾಸಾಯನಿಕ ತೀರಾ ಕಡಿಮೆ ಇದ್ದರೆ ಆ ವಾಸನೆ ಗೊತ್ತಾಗುವುದಿಲ್ಲ, ಹಣ್ಣಿನ ಪರಿಮಳ ಮಾತ್ರ ಸತ್ತುಹೋಗಿರುತ್ತದೆ. ಒಂದೇ ಬಾಟಲಿ ನೋಡಿದವರು ವೈನೇ ಹಾಗೆ ಅಂದುಕೊಳ್ಳುತ್ತಾರೆ.

ತಿದ್ದುಪಡಿ ಹಾಕಿದೆವು, ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ. ತಪ್ಪು ಹಿಡಿದವರ ಹೆಸರು ಹಾಕಲಿಲ್ಲ. ಅದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ವೈನ್ ಪತ್ರಿಕೆಗಳಿಗೂ ಹೊರಗಿನಿಂದ ಬಂದವರೇ ಜೀವ ತುಂಬಿದ್ದು. 1978ರಲ್ಲಿ ಅಮೆರಿಕದಲ್ಲಿ 'ವೈನ್ ಅಡ್ವೊಕೇಟ್' ಶುರು ಮಾಡಿದಾಗ ರಾಬರ್ಟ್ ಪಾರ್ಕರ್ ವಕೀಲರಾಗಿದ್ದರು. ಅದರಲ್ಲಿ ಜಾಹೀರಾತು ಇರಲಿಲ್ಲ. ಫ್ರಾನ್ಸಿನ ಬೋರ್ಡೋ ಪ್ರದೇಶದ 1982ರ ವೈನುಗಳನ್ನು ಅವರು ಎದೆತಟ್ಟಿ ಹೊಗಳಿದರು, ಅಲ್ಲಿಂದ ಹೆಸರಾಯಿತು. ವೈನ್ ಮಾರುವವರ ಹಂಗು ತನಗಿಲ್ಲ ಅನ್ನುವುದೇ ಅವರ ಬಲ. 2009ರಲ್ಲಿ ಟೈಲರ್ ಕೋಲ್ಮನ್ ಅನ್ನುವವರು ತಮ್ಮ ವೆಬ್‌ಸೈಟಿನಲ್ಲಿ ಅದೇ ಪತ್ರಿಕೆಗೆ ಒಂದು ಪ್ರಶ್ನೆ ಹಾಕಿದರು. ಪತ್ರಿಕೆಗೆ ಬರೆಯುವವರು ವೈನ್ ವ್ಯಾಪಾರದವರ ಖರ್ಚಿನಲ್ಲಿ ಪ್ರವಾಸ ಹೋಗಬಹುದಾ? ಇದು ಪತ್ರಿಕೆಯವರೇ ಒಬ್ಬರನ್ನೊಬ್ಬರು ಕೇಳಬೇಕಾಗಿದ್ದ ಪ್ರಶ್ನೆ. ನಾವು ಕೇಳಲಿಲ್ಲ. ಬೇರೆಯವರು ಕೊಡಿಸಿದ ಟಿಕೆಟಿನಲ್ಲಿ ನಮ್ಮಲ್ಲೂ ಎಷ್ಟೋ ಜನ ವಿಮಾನ ಹತ್ತಿದ್ದೆವು.

ಬ್ರಿಟನ್ನಿನ ವೈನ್ ವಿಮರ್ಶಕಿ ಜಾನ್ಸಿಸ್ ರಾಬಿನ್ಸನ್ ಅವರಂಥ ಹಿರಿಯರು 2000ದಲ್ಲೇ ಸ್ವಂತ ವೆಬ್‌ಸೈಟ್ ತೆರೆದರು. ಹಾಗಾಗಿ ಕಾಗದ ದೊಡ್ಡದು, ಪರದೆ ಚಿಕ್ಕದು ಅನ್ನುವ ಮಾತು ನಿಲ್ಲುವುದಿಲ್ಲ.

ಹಾಗಂತ ಅಲ್ಲಿ ಬಂದದ್ದೆಲ್ಲ ನಂಬಿ ಅಂತ ಹೇಳಲಾರೆ. ಪುಕ್ಕಟೆ ಬಾಟಲಿ ಮನೆಗೆ ಬಂದ ಮಾರನೇ ದಿನವೇ ಹೊಗಳಿಕೆ ಬರೆಯುವವರು ಜಾಸ್ತಿ ಇದ್ದಾರೆ. ಬಾಟಲಿ ಯಾರು ಕಳಿಸಿದರು ಅನ್ನುವ ಒಂದು ಸಾಲು ಅಲ್ಲಿ ಇರುವುದಿಲ್ಲ. ಆ್ಯಪುಗಳ ಸರಾಸರಿ ಅಂಕವೂ ಅಷ್ಟೇ. ಸಾವಿರ ಜನರಿಗೆ ಪರವಾಗಿಲ್ಲ ಅನ್ನಿಸಿದ ವೈನೂ, ಅರ್ಧ ಜನ ಮೆಚ್ಚಿ ಅರ್ಧ ಜನ ಬೈದ ವೈನೂ ಒಂದೇ ಅಂಕಕ್ಕೆ ಬಂದು ಕೂರಬಹುದು. ನನಗೆ ಆ ಎರಡನೆಯದರ ಬಗ್ಗೆಯೇ ಕುತೂಹಲ. ಅದನ್ನು ಅಂಕ ಹೇಳುವುದಿಲ್ಲ, ಕೂತು ಬರೆದವರು ಹೇಳುತ್ತಾರೆ.

ನೀವು ಓದುವವರಲ್ಲಿ ಬಾಟಲಿಗೆ ದುಡ್ಡು ಯಾರದು ಅಂತ ಹೇಳುವವರು, ಮೊದಲು ಬರೆದದ್ದು ತಪ್ಪು ಅನ್ನಿಸಿದಾಗ ಮತ್ತೆ ಬರೆಯುವವರು ಇದ್ದರೆ ಅವರನ್ನು ಬಿಡಬೇಡಿ.

ನಮ್ಮ ಪಾಲಿನದ್ದನ್ನು ಈ ಸಂಚಿಕೆಯಿಂದಲೇ ಶುರು ಮಾಡಿದ್ದೇವೆ. ಪ್ರತಿ ವೈನಿನ ಕೆಳಗೆ ಬಾಟಲಿ ಕೊಂಡದ್ದೋ ಕಳಿಸಿದ್ದೋ, ಎಷ್ಟು ತೆರೆದೆವು ಅಂತ ಬರೆದಿದೆ. ಆ ಕೆಂಪು ವೈನನ್ನು ಮೊದಲ ಪುಟದಲ್ಲೇ ಮತ್ತೆ ಹಾಕಿದ್ದೇವೆ. ನಮ್ಮ ತಪ್ಪು ಹಿಡಿದವರನ್ನು ಕೇಳಿ, ಅವರ ಮೂರು ಸಂಜೆಯ ಟಿಪ್ಪಣಿಯನ್ನು ಅವರ ಹೆಸರಿನ ಸಮೇತ ನಮ್ಮದರ ಪಕ್ಕದಲ್ಲಿ ಅಚ್ಚು ಹಾಕಿದ್ದೇವೆ.

– ಸಂಪಾದಕ