ಲಂಡನ್‌ನಿಂದ ನ್ಯೂಯಾರ್ಕ್‌ಗೆ ವಿಮಾನದಲ್ಲಿ ಎಷ್ಟು ದೂರ? ಹೋಗುವಾಗ ಮತ್ತು ಬರುವಾಗ ಸಮಯ ಬೇರೆ ಬೇರೆ ಏಕೆ?

ಹೀತ್ರೂ ನಿಲ್ದಾಣದಿಂದ ಜಾನ್ ಎಫ್. ಕೆನಡಿ ನಿಲ್ದಾಣಕ್ಕೆ ಸುಮಾರು 5,550 ಕಿ.ಮೀ. ಇದು ಭೂಮಿಯ ಮೇಲ್ಮೈಯನ್ನು ಅನುಸರಿಸುವ ಅತಿ ಹತ್ತಿರದ ದಾರಿ. ಚಪ್ಪಟೆ ನಕ್ಷೆಯಲ್ಲಿ ಉತ್ತರಕ್ಕೆ ಬಾಗಿದ ಕಮಾನಿನಂತೆ ಕಾಣುತ್ತದೆ.

ವೇಳಾಪಟ್ಟಿಯಲ್ಲಿ ಹೋಗಲು ಸುಮಾರು 8 ಗಂಟೆ, ಮರಳಲು ಸುಮಾರು 7 ಗಂಟೆ ಎಂದಿರುತ್ತದೆ. ಈ ವ್ಯತ್ಯಾಸಕ್ಕೆ ಭೂಮಿಯ ತಿರುಗುವಿಕೆ ನೇರ ಕಾರಣ ಎಂದು ಹಲವರು ನಂಬಿದ್ದಾರೆ. ಅದು ತಪ್ಪು, ಏಕೆಂದರೆ ಭೂಮಿಯೊಂದಿಗೆ ವಾತಾವರಣವೂ ತಿರುಗುತ್ತದೆ. ನಿಜವಾದ ಕಾರಣ ಗಾಳಿ. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಬಿರುಸಾದ ಗಾಳಿಯ ಹೊಳೆ ಹರಿಯುತ್ತದೆ. ಗಾಳಿಯಲ್ಲಿ ವಿಮಾನದ ವೇಗ ಗಂಟೆಗೆ 900 ಕಿ.ಮೀ., ಗಾಳಿಯ ವೇಗ 100 ಕಿ.ಮೀ. ಎಂದುಕೊಳ್ಳಿ. ಎದುರುಗಾಳಿಯಲ್ಲಿ ನೆಲದ ಲೆಕ್ಕದ ವೇಗ 800ಕ್ಕೆ ಇಳಿಯುತ್ತದೆ, ಹಾರಾಟಕ್ಕೆ ಸುಮಾರು 6 ಗಂಟೆ 55 ನಿಮಿಷ ಬೇಕು. ಹಿಂಗಾಳಿಯಲ್ಲಿ ವೇಗ 1,000ಕ್ಕೆ ಏರುತ್ತದೆ, 5 ಗಂಟೆ 35 ನಿಮಿಷ ಸಾಕು. 2020ರ ಫೆಬ್ರವರಿಯಲ್ಲಿ ಚಂಡಮಾರುತದ ಬಲದಿಂದ ಬೋಯಿಂಗ್ 747 ಒಂದು ನ್ಯೂಯಾರ್ಕ್‌ನಿಂದ ಲಂಡನ್ನಿಗೆ 5 ಗಂಟೆಯೊಳಗೇ ಬಂದಿಳಿಯಿತು!

ವೇಳಾಪಟ್ಟಿಯ ಅವಧಿ ಹಾರಾಟದ್ದಷ್ಟೇ ಅಲ್ಲ. ದ್ವಾರ ಬಿಟ್ಟು ರನ್‌ವೇಗೆ ಸಾಗುವುದು, ಸರದಿಯಲ್ಲಿ ಕಾಯುವುದು, ಇಳಿದ ಮೇಲೆ ಮತ್ತೆ ದ್ವಾರ ತಲುಪುವುದು ಎಲ್ಲವೂ ಅದರಲ್ಲಿ ಸೇರಿವೆ.

ಟಿಕೆಟ್ಟಿನಲ್ಲಿರುವುದು ಆಯಾ ಊರಿನ ಗಡಿಯಾರದ ಸಮಯ. ನ್ಯೂಯಾರ್ಕ್ ಸಾಮಾನ್ಯವಾಗಿ 5 ಗಂಟೆ ಹಿಂದಿರುವುದರಿಂದ, ಬೆಳಿಗ್ಗೆ 10ಕ್ಕೆ ಹೊರಟು 8 ಗಂಟೆ ಪ್ರಯಾಣಿಸಿದವರು ಅಲ್ಲಿ ಮಧ್ಯಾಹ್ನ 1ಕ್ಕೆ ಇಳಿಯುತ್ತಾರೆ.