ವಪೆಯಲ್ಲಿ ತೂತು: ಜಾಲರಿ ಹಾಕಲೇಬೇಕಾ?

ಪ್ರಶ್ನೆ: ಡಾಕ್ಟರೇ, ನಮ್ಮದು ಚಿತ್ರದುರ್ಗ ಜಿಲ್ಲೆ, ಕುರಿ ಸಾಕುತ್ತೇವೆ. ನನ್ನ ತಮ್ಮನಿಗೆ 34 ವರ್ಷ. ಎರಡು ತಿಂಗಳಿಂದ ಕೆಮ್ಮು. ಕಫ ಹಳದಿ, ಬಾಯೆಲ್ಲ ಕಹಿ. ಲಿವರ್‌ನಲ್ಲಿದ್ದ ಹೈಡಾಟಿಡ್ ಗುಳ್ಳೆ (ಹುಳುವಿನಿಂದ ಆಗುವ ಗುಳ್ಳೆ) ವಪೆಯನ್ನು, ಅಂದರೆ ಎದೆ-ಹೊಟ್ಟೆ ನಡುವಿನ ಸ್ನಾಯುವಿನ ಪರದೆಯನ್ನು, ತೂತು ಮಾಡಿ ಎದೆಗೆ ಬಂದಿದೆ ಎಂದು ಸಿಟಿ ಸ್ಕ್ಯಾನ್ ನೋಡಿ ಹೇಳಿದ್ದಾರೆ. ಮಾತ್ರೆಯಲ್ಲೇ ವಾಸಿಯಾಗಲ್ವಾ? ತೂತಿಗೆ ಜಾಲರಿ ಹಾಕಬೇಕಾ?

ಉತ್ತರ: ಕಫ ಕಹಿ ಅಂತ ಬರೆದಿದ್ದೀರಲ್ಲ, ಅದೇ ಇಲ್ಲಿ ಮುಖ್ಯ. ಆ ಕಹಿ ಪಿತ್ತರಸದ್ದು. ಲಿವರ್‌ನ ಪಿತ್ತ ಗುಳ್ಳೆಯೊಳಗೆ ಸೋರಿ, ವಪೆ ದಾಟಿ, ಶ್ವಾಸನಾಳಕ್ಕೆ ದಾರಿ ಮಾಡಿಕೊಂಡಿದೆ. ಇದಕ್ಕೆ ಮಾತ್ರೆ ಒಂದೇ ಸಾಲದು, ಆಪರೇಷನ್ ಬೇಕು. ಮುಂದೂಡಬೇಡಿ.

ಲಿವರ್‌ನ ಮೇಲ್ಭಾಗ ವಪೆಗೆ ಅಂಟಿಕೊಂಡೇ ಇರುತ್ತದೆ. ಅಲ್ಲಿ ಗುಳ್ಳೆ ವರ್ಷಗಟ್ಟಲೆ ಬೆಳೆದು ಒತ್ತುತ್ತದೆ. ಕೀವು, ಪಿತ್ತ ಸೇರಿದರೆ ವಪೆಯ ಸ್ನಾಯು ಕೊಳೆಯುತ್ತದೆ. ಉಸಿರೆಳೆದಾಗ ಎದೆಯೊಳಗೆ ಒತ್ತಡ ಕಡಿಮೆ, ಹೊಟ್ಟೆಯಲ್ಲಿ ಜಾಸ್ತಿ. ಹಾಗಾಗಿ ಎಲ್ಲವೂ ಮೇಲಕ್ಕೇ ನುಗ್ಗುತ್ತದೆ.

ಆದ್ದರಿಂದ ತೂತು ಹೊಲಿಯುವುದು ಕೊನೆಯ ಕೆಲಸ. ಕೆಳಗೆ ಪಿತ್ತ ಸೋರುತ್ತಿರುವಾಗ ಮೇಲೆ ಎಷ್ಟು ಗಟ್ಟಿಯಾಗಿ ಹೊಲಿದರೂ ಮತ್ತೆ ಬಿಡಬಹುದು. ಪಿತ್ತನಾಳದಲ್ಲಿ ಗುಳ್ಳೆಯ ಪೊರೆ ಸಿಕ್ಕಿಕೊಂಡಿದ್ದರೆ, ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ನಾಳದ ಬಾಯಿ ಅಗಲಿಸಿ ತೆಗೆಯುತ್ತಾರೆ. ಆಮೇಲೆ ಸಾಮಾನ್ಯವಾಗಿ ಬಲಪಕ್ಕೆಯ ಕಡೆಯಿಂದ ಎದೆ ತೆರೆಯುತ್ತಾರೆ. ಮರಿಹುಳುಗಳು ಚೆಲ್ಲದಂತೆ ಸುತ್ತಲೂ ಉಪ್ಪುನೀರಿನ ಬಟ್ಟೆ ಇಟ್ಟು ಗುಳ್ಳೆ ಖಾಲಿ ಮಾಡುತ್ತಾರೆ. ಪಿತ್ತನಾಳಕ್ಕೆ ದಾರಿ ಇರುವ ಗುಳ್ಳೆಯೊಳಗೆ ಹುಳು ಕೊಲ್ಲುವ ದ್ರಾವಣ ಸುರಿಯಬಾರದು. ಅದು ಪಿತ್ತನಾಳಗಳನ್ನೇ ಸುಟ್ಟೀತು. ಪಿತ್ತ ಸೋರುವ ಬಾಯಿಗಳನ್ನೂ ಶ್ವಾಸನಾಳದ ತೂತನ್ನೂ ಮುಚ್ಚಿದ ಮೇಲೆ ವಪೆಯ ಸರದಿ.

ಕೊಳೆತ ಅಂಚನ್ನು ಚೆನ್ನಾಗಿ ರಕ್ತ ಜಿನುಗುವ ಸ್ನಾಯು ಸಿಗುವವರೆಗೆ ಕತ್ತರಿಸಿ, ಕರಗದ ದಾರದಲ್ಲಿ ಬಿಡಿ ಬಿಡಿಯಾಗಿ ಹೊಲಿಯುತ್ತಾರೆ. ವಪೆ ಸಡಿಲವಾದ ಸ್ನಾಯು. ಅಂಟಿದ ಶ್ವಾಸಕೋಶವನ್ನು ಬಿಡಿಸಿದರೆ ಎಷ್ಟೋ ಸಲ ಅಂಚುಗಳು ತಾವೇ ಹತ್ತಿರ ಬರುತ್ತವೆ. ಕೀವು, ಪಿತ್ತ ಇರುವ ಜಾಗದಲ್ಲಿ ಕೃತಕ ಜಾಲರಿಗೆ ಸೋಂಕು ತಗಲುವ ಭಯ ದೊಡ್ಡದು. ನಾನಂತೂ ಅದನ್ನು ದೂರವೇ ಇಡುತ್ತೇನೆ. ತೂತು ತೀರಾ ದೊಡ್ಡದಾದರೆ ರೋಗಿಯದೇ ಬೆನ್ನಿನ ಅಥವಾ ಪಕ್ಕೆಲುಬುಗಳ ನಡುವಿನ ಸ್ನಾಯುವನ್ನು ತಿರುಗಿಸಿ ಕೂರಿಸಬಹುದು.

ಹುಳು ಕೊಲ್ಲುವ ಆಲ್ಬೆಂಡಜೋಲ್ ಮಾತ್ರೆಯೂ ಬೇಕೇ ಬೇಕು. ಆಪರೇಷನ್ ಆದ ಮೇಲೂ ವೈದ್ಯರು ಹೇಳಿದಷ್ಟು ಕಾಲ ಮುಂದುವರಿಸಬೇಕು. ಜಿಡ್ಡಿರುವ ಊಟದ ಜೊತೆ ತೆಗೆದುಕೊಂಡರೆ ಮೈಗೆ ಚೆನ್ನಾಗಿ ಹತ್ತುತ್ತದೆ. ನಡುನಡುವೆ ಲಿವರ್‌ನ ರಕ್ತಪರೀಕ್ಷೆ ಮಾಡಿಸಿ. ಆಪರೇಷನ್ ಆಗುವವರೆಗೆ ನಿಮ್ಮ ತಮ್ಮ ತಲೆ ಎತ್ತರಿಸಿಕೊಂಡು ಮಲಗಲಿ. ಕಫ ಒಮ್ಮೆಲೇ ಜಾಸ್ತಿಯಾದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆದೊಯ್ಯಿರಿ.

ತಮ್ಮನಿಂದ ನಿಮಗೆ ಇದು ಅಂಟುವುದಿಲ್ಲ, ಒಟ್ಟಿಗೆ ಕೂತು ಉಣ್ಣಿ. ಹುಳುವಿನ ಮೊಟ್ಟೆ ಬರುವುದು ನಾಯಿಯ ಮಲದಿಂದ. ಕುರಿ ಕೊಯ್ದಾಗ ಗುಳ್ಳೆ ಕಂಡ ಲಿವರ್, ಶ್ವಾಸಕೋಶವನ್ನು ನಾಯಿಗೆ ಎಸೆಯಬೇಡಿ, ಆಳವಾಗಿ ಹೂಳಿ. ಪಶುವೈದ್ಯರನ್ನು ಕೇಳಿ ನಾಯಿಗಳಿಗೆ ಹುಳುವಿನ ಔಷಧಿ ಪ್ರಾಜಿಕ್ವಾಂಟೆಲ್ ಕೊಡಿಸಿ. ಒಂದೇ ಹಟ್ಟಿಯಲ್ಲಿ ಬೆಳೆದವರು ನೀವು, ಅಲ್ವಾ? ಮನೆಯವರೆಲ್ಲ ಒಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳಿ.